ಶಾಲಾ ಮಕ್ಕಳ ಹುಳುಕು ಹಲ್ಲನ್ನು ದೂರದಿಂದಲೇ ಪತ್ತೆ ಮಾಡುವುದು ಹೇಗೆ: ಮೊಬೈಲ್ ಫೋಟೊದಿಂದ ಚಿಕಿತ್ಸೆಯವರೆಗೆ

ನಾನು ಫೋಟೊ ನೋಡುವ ಕಡೆ ಕೂರುವ ದಂತವೈದ್ಯ. ಹಳ್ಳಿ ಶಾಲೆಯಲ್ಲಿ ಶಿಕ್ಷಕರೋ, ಆಶಾ ಕಾರ್ಯಕರ್ತೆಯರೋ, ಸ್ವಯಂಸೇವಕರೋ ಮಕ್ಕಳ ಬಾಯಿಯ ಫೋಟೊ ತೆಗೆದು ಕಳಿಸುತ್ತಾರೆ. ನಾನು ಅದನ್ನು ನೋಡಿ ಯಾವ ಮಗುವಿಗೆ ಎಷ್ಟು ಬೇಗ ಚಿಕಿತ್ಸೆ ಬೇಕು ಅಂತ ಬರೆದು ಕೊಡುತ್ತೇನೆ. ಕೇಳಲು ಸುಲಭದ ಕೆಲಸ. ಆದರೆ ಹೊಸದಾಗಿ ಶುರು ಮಾಡಿದ ಹೆಚ್ಚಿನ ತಂಡಗಳು ಎಡವುವುದು ಅದೇ ನಾಲ್ಕು ಜಾಗದಲ್ಲಿ. ಮುಂದಿನ ಹಲ್ಲು ಚೆನ್ನಾಗಿ ಬಂದಿರುತ್ತದೆ, ಹುಳುಕು ಇರುವ ದವಡೆ ಹಲ್ಲು ಕತ್ತಲಲ್ಲಿರುತ್ತದೆ. ಯಾವ ಫೋಟೊ ಯಾವ ಮಗುವಿನದು ಅಂತ ಗೊತ್ತಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ಹಿಗ್ಗಿಸಿದರೆ ಒಡೆದುಹೋಗುತ್ತದೆ. ಇದೆಲ್ಲ ಸರಿಯಾದರೂ ಕೊನೆಗೆ ಮಗು ಆಸ್ಪತ್ರೆ ಮುಟ್ಟಿರುವುದಿಲ್ಲ.

ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಫೋಟೊ ಎಷ್ಟೇ ಚೆನ್ನಾಗಿದ್ದರೂ ಮಗುವಿಗೆ ಉಪಯೋಗ ಆಗುವುದಿಲ್ಲ.

ಶುರು ಮಾಡುವ ಮೊದಲು: ಫೋಟೊದಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಹಲ್ಲಿನಲ್ಲಿ ಬಿದ್ದ ತೂತು, ಕಪ್ಪಾಗಿ ಮೆತ್ತಗಾದ ಭಾಗ, ಮುರಿದು ಬೇರಷ್ಟೇ ಉಳಿದ ಹಲ್ಲು, ಒಸಡಿನ ಮೇಲಿನ ಕೀವು ಗುಳ್ಳೆ, ಇವು ಒಳ್ಳೆಯ ಫೋಟೊದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಎರಡು ಹಲ್ಲುಗಳ ಸಂದಿಯಲ್ಲಿ ಅಡಗಿದ ಹುಳುಕು ಕಾಣುವುದಿಲ್ಲ, ಅದಕ್ಕೆ ಎಕ್ಸ್‌ರೇ ಬೇಕು. ಈಗಷ್ಟೇ ಶುರುವಾದ ಹುಳುಕಿನ ಬಿಳಿ ಮಚ್ಚೆ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಹಾಗಾಗಿ ಪೋಷಕರಿಗೆ ‘ನಿಮ್ಮ ಮಗುವಿನ ಹಲ್ಲು ಪೂರ್ತಿ ಚೆನ್ನಾಗಿದೆ’ ಅಂತ ಯಾವತ್ತೂ ಹೇಳಬೇಡಿ. ‘ಫೋಟೊದಲ್ಲಿ ತೊಂದರೆ ಕಾಣಲಿಲ್ಲ’ ಅನ್ನಿ. ಮಾತು ಚಿಕ್ಕದು, ಆದರೆ ಮೊದಲನೆಯದನ್ನು ಕೇಳಿದ ಅಮ್ಮ ಮುಂದಿನ ತಿಂಗಳು ಮಗು ನೋವು ಅಂದರೂ ನಂಬುವುದಿಲ್ಲ.

ಹಂತ 1: ಚಿಕಿತ್ಸೆ ಎಲ್ಲಿ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಒಂದು ಶಾಲೆಯ ಅಷ್ಟೂ ಮಕ್ಕಳ ಫೋಟೊ ನೋಡಿ, ನೀಟಾಗಿ ಪಟ್ಟಿ ಮಾಡಿ ಕಳಿಸಿದೆ. ಮೂರು ತಿಂಗಳು ಬಿಟ್ಟು ವಿಚಾರಿಸಿದರೆ ಪಟ್ಟಿ ಬೀರುವಿನಲ್ಲೇ ಇತ್ತು. ಎಲ್ಲಿಗೆ ಹೋಗಬೇಕು, ಯಾವ ದಿನ, ಯಾರನ್ನು ಕೇಳಬೇಕು ಅಂತ ನಾನು ಅದರಲ್ಲಿ ಬರೆದಿರಲಿಲ್ಲ. ಕೀವು ತುಂಬಿದ ದವಡೆ ಹಲ್ಲಿನ ಒಂದು ಹುಡುಗಿ ಆ ಮೂರು ತಿಂಗಳೂ ಒಂದೇ ಕಡೆಯಲ್ಲಿ ಅಗಿದುಕೊಂಡು ಊಟ ಮಾಡಿದ್ದಳು. ಅದು ಇವತ್ತಿಗೂ ನೆನಪಾಗುತ್ತದೆ.

ಆದ್ದರಿಂದ ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ ಮಾತಾಡಿ. ವಾರದಲ್ಲಿ ಯಾವ ದಿನ ಎಷ್ಟು ಮಕ್ಕಳನ್ನು ನೋಡಬಹುದು ಅಂತ ಕೇಳಿ ಬರೆದುಕೊಳ್ಳಿ. ಹತ್ತಿರದಲ್ಲಿ ದಂತ ವೈದ್ಯಕೀಯ ಕಾಲೇಜಿದ್ದರೆ ಅವರ ಸಮುದಾಯ ದಂತ ವಿಭಾಗವನ್ನು ಕೇಳಿ, ಬಹಳ ಕಾಲೇಜುಗಳ ಹತ್ತಿರ ಕ್ಯಾಂಪಿಗೆ ಹೋಗುವ ವ್ಯಾನ್ ಇರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಪಾಸಣಾ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಆರ್‌ಬಿಎಸ್‌ಕೆ ತಂಡ ನಿಮ್ಮ ಶಾಲೆಗೆ ಯಾವಾಗ ಬರುತ್ತದೆ ಅಂತ ತಿಳಿದುಕೊಂಡು ಅವರನ್ನೂ ಸೇರಿಸಿಕೊಳ್ಳಿ.

ಆಸ್ಪತ್ರೆ ವಾರಕ್ಕೆ ಹತ್ತು ಮಕ್ಕಳನ್ನು ನೋಡುತ್ತೇವೆ ಅಂದರೆ ನೀವು ಒಂದೇ ದಿನ ಮುನ್ನೂರು ಮಕ್ಕಳ ಫೋಟೊ ತೆಗೆಯಬೇಡಿ. ಒಂದು ತರಗತಿ ಮುಗಿಸಿ, ಅವರಿಗೆ ಚಿಕಿತ್ಸೆ ಶುರುವಾದ ಮೇಲೆ ಮುಂದಿನ ತರಗತಿಗೆ ಹೋಗಿ.

ಎಲ್ಲಿಂದ ಶುರು ಮಾಡಬೇಕು ಅಂದರೆ, 1ರಿಂದ 3ನೇ ತರಗತಿ. ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಪೋಷಕರ ಒಪ್ಪಿಗೆ

ಮುಖ್ಯ ಶಿಕ್ಷಕರ ಅನುಮತಿ ಬೇಕೇ ಬೇಕು, ಬಿಇಒ ಕಚೇರಿಗೆ ಒಂದು ಪತ್ರ ಕೊಟ್ಟಿರುವುದು ಒಳ್ಳೆಯದು. ಆದರೆ ಇವರ ಅನುಮತಿ ಪೋಷಕರ ಒಪ್ಪಿಗೆಗೆ ಬದಲಿ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿ ಅಥವಾ ಪಾಲಕರ ಒಪ್ಪಿಗೆ ಬೇಕು.

ಒಪ್ಪಿಗೆ ಪತ್ರ ಒಂದೇ ಪುಟ ಇರಲಿ. ಬಾಯಿಯ ಫೋಟೊ ತೆಗೆಯುತ್ತೇವೆ, ಮುಖ ಬರುವುದಿಲ್ಲ, ವೈದ್ಯರು ಮಾತ್ರ ನೋಡುತ್ತಾರೆ, ಇಂಥ ದಿನ ಅಳಿಸುತ್ತೇವೆ, ಬೇಡ ಅಂದರೆ ಮಗುವಿಗೆ ಶಾಲೆಯಲ್ಲಿ ಯಾವ ತೊಂದರೆಯೂ ಇಲ್ಲ. ಇಷ್ಟು ಸಾಕು. ಮನೆಯಲ್ಲಿ ಉರ್ದು, ತೆಲುಗು, ಮರಾಠಿ ಆಡುವವರಿದ್ದರೆ ಆ ಭಾಷೆಯಲ್ಲೂ ಒಂದು ಪ್ರತಿ ಮಾಡಿ. ಓದಲು ಬಾರದವರಿಗಾಗಿ ಶಾಲಾಭಿವೃದ್ಧಿ ಸಮಿತಿಯ ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಜೋರಾಗಿ ಓದಿ ಹೇಳಿ. ಸುಮ್ನೆ ಮಕ್ಕಳ ಕೈಯಲ್ಲಿ ಕಳಿಸಿದರೆ ಅರ್ಧ ವಾಪಸ್ ಬರುವುದಿಲ್ಲ.

ಫೋಟೊ ತೆಗೆಯುವ ದಿನ ಮಗುವನ್ನೂ ಕೇಳಿ. ಅಪ್ಪ ಸಹಿ ಹಾಕಿದ್ದರೂ ಮಗು ಅತ್ತು ಬೇಡ ಅಂದರೆ ಬಿಟ್ಟುಬಿಡಿ. ಗೆಳೆಯರು ಮುಗಿಸಿ ನಗುತ್ತಾ ಬಂದದ್ದು ನೋಡಿದ ಮೇಲೆ ಬಹಳ ಮಕ್ಕಳು ತಾವೇ ಬಂದು ಕೂರುತ್ತಾರೆ.

ಹಂತ 3: ಬೇಕಾದ ಸಾಮಾನು

ದುಬಾರಿ ಕ್ಯಾಮೆರಾ ಬೇಡ. ಹಿಂದಿನ ಕ್ಯಾಮೆರಾ ಚೆನ್ನಾಗಿರುವ ಒಂದು ಮೊಬೈಲ್ ಸಾಕು. ಬೆಳಕಿಗೆ ಇನ್ನೊಂದು ಮೊಬೈಲಿನ ಟಾರ್ಚ್ ಅಥವಾ ಚಿಕ್ಕ ಎಲ್‌ಇಡಿ ದೀಪ. ತುಟಿ, ಕೆನ್ನೆ ಹಿಡಿದಿಡಲು ಚೀಕ್ ರಿಟ್ರ್ಯಾಕ್ಟರ್ ಅನ್ನುವ ಪ್ಲಾಸ್ಟಿಕ್ ಸಾಧನ, ಮಕ್ಕಳ ಅಳತೆಯದ್ದು. ದೊಡ್ಡವರದ್ದು ಹಾಕಿದರೆ ಮಗುವಿನ ತುಟಿಯ ಮೂಲೆ ಸೀಳುತ್ತದೆ. ಬಳಸಿ ಬಿಸಾಡುವ ಬಾಯಿ ಕನ್ನಡಿ, ಐಸ್‌ಕ್ರೀಂ ಕಡ್ಡಿಯಂಥ ಮರದ ಪಟ್ಟಿ, ಗಾಜ್ ಬಟ್ಟೆ, ಮಾಸ್ಕ್, ಗ್ಲೌಸ್, ಕಸಕ್ಕೆ ಮುಚ್ಚಳದ ಡಬ್ಬ.

ಶುಚಿತ್ವದಲ್ಲಿ ರಾಜಿ ಇಲ್ಲ. ಒಂದು ಮಗುವಿನ ಬಾಯಿಗೆ ಹೋದದ್ದು ಇನ್ನೊಂದು ಮಗುವಿನ ಬಾಯಿಗೆ ಹೋಗಬಾರದು. ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಬಳಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ರಿಟ್ರ್ಯಾಕ್ಟರ್ ಮತ್ತೆ ಬಳಸುವಂಥದ್ದಾದರೆ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ, ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ ಹಾಕಿಸಿ. ಅಂದರೆ ಆ ದಿನ ಎಷ್ಟು ಮಕ್ಕಳೋ ಅಷ್ಟು ರಿಟ್ರ್ಯಾಕ್ಟರ್ ಬೇಕು. ಅಷ್ಟಿಲ್ಲದಿದ್ದರೆ ಮಕ್ಕಳ ಸಂಖ್ಯೆ ಕಡಿಮೆ ಮಾಡಿ. ಬಾಯಿ ಮುಟ್ಟಿದ ಗ್ಲೌಸ್‌ನಲ್ಲೇ ಫೋನ್ ಮುಟ್ಟಬಾರದು, ಫೋನ್ ಹಿಡಿಯುವವರು ಬೇರೆಯವರೇ ಇರಲಿ.

ಚೂಪು ಪ್ರೋಬ್, ಸೂಜಿ, ಹಲ್ಲುಕಡ್ಡಿ ಯಾವುದನ್ನೂ ತರಬೇಡಿ. ಹೊಸದಾಗಿ ಹುಟ್ಟಿದ ಹಲ್ಲಿನ ಮೆತ್ತಗಾದ ಜಾಗವನ್ನು ಚುಚ್ಚಿದರೆ ಅಲ್ಲಿಯೇ ಒಡೆದು ತೂತಾಗಬಹುದು.

ಹಂತ 4: ಹೊತ್ತು ಮತ್ತು ಜಾಗ

ಹಾಲು ಕೊಡುವುದಕ್ಕಿಂತ ಮೊದಲೇ ಮುಗಿಸಲು ನೋಡಿ. ಕ್ಷೀರಭಾಗ್ಯದ ಹಾಲೋ ರಾಗಿ ಮಾಲ್ಟೋ ಕುಡಿದ ಮೇಲೆ ಹಲ್ಲಿನ ಮೇಲೆ ಒಂದು ಪದರ ಕೂತಿರುತ್ತದೆ, ಅದರಡಿಯ ಬಿಳಿ ಮಚ್ಚೆ ಫೋಟೊದಲ್ಲಿ ಗೊತ್ತಾಗುವುದೇ ಇಲ್ಲ. ಚಿಕ್ಕಿ ತಿಂದ ದಿನವಂತೂ ಬೆಲ್ಲದ ಚೂರು ದವಡೆ ಹಲ್ಲಿನ ಗೆರೆಯಲ್ಲಿ ಕೂತು ಹುಳುಕಿನ ಹಾಗೇ ಕಾಣುತ್ತದೆ. ತಡವಾಗಿದ್ದರೆ ಎರಡು ಮೂರು ಸಲ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿ, ಆಮೇಲೆ ಗಾಜ್‌ನಿಂದ ಒರೆಸಿ.

ಜಗಲಿ ಒಳ್ಳೆಯ ಜಾಗ. ನೇರ ಬಿಸಿಲು ಬೇಡ, ಬೆಳಕು ಬೇಕು. ಮಗುವಿನ ಮುಖ ಬೆಳಕಿನ ಕಡೆ ಇರಲಿ, ಬೆನ್ನಲ್ಲ. ಎತ್ತರದ ಒರಗು ಇರುವ ಕುರ್ಚಿ ಹಾಕಿ ತಲೆಯನ್ನು ಗೋಡೆಗೆ ಒರಗಿಸಿ. ಉಳಿದ ಮಕ್ಕಳು ಸುತ್ತ ನಿಂತು ನೋಡುವ ಹಾಗಿರಬಾರದು. ಹುಳುಕು ಹಲ್ಲಿನ ಮಗುವನ್ನು ‘ಹುಳುಕಲ್ಲು’ ಅಂತ ಅಡ್ಡಹೆಸರಿಟ್ಟು ಕರೆಯಲು ಮಕ್ಕಳಿಗೆ ಒಂದು ನಿಮಿಷ ಸಾಕು.

ಮೂವರು ಬೇಕು: ಒಬ್ಬರು ಬಾಯಿ ಹಿಡಿಯಲು, ಒಬ್ಬರು ಫೋಟೊಗೆ, ಒಬ್ಬರು ಬರೆಯಲು. ಇಬ್ಬರೇ ಮಾಡಲು ಹೋದಾಗಲೇ ಫೋಟೊಗಳು ಕಲಸಿಹೋಗುವುದು.

ಹಂತ 5: ಚೀಟಿ ಮೊದಲು, ಆಮೇಲೆ ನಾಲ್ಕು ಪ್ರಶ್ನೆ

ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಡಿ, ಉದಾಹರಣೆಗೆ 2–14. ಎರಡನೇ ತರಗತಿ, ಹದಿನಾಲ್ಕನೇ ಮಗು. ದಪ್ಪ ಪೆನ್ನಿನಲ್ಲಿ ಒಂದು ಚೀಟಿಯ ಮೇಲೆ ಬರೆದು, ಬಾಯಿಗಿಂತ ಮೊದಲು ಆ ಚೀಟಿಯ ಫೋಟೊ ತೆಗೆಯಿರಿ. ಗ್ಯಾಲರಿಯಲ್ಲಿ ಚೀಟಿ, ಐದು ಫೋಟೊ, ಮುಂದಿನ ಚೀಟಿ, ಐದು ಫೋಟೊ ಹೀಗೆ ಸಾಲಾಗಿ ಬರುತ್ತದೆ. ಆಮೇಲೆ ಯಾರ ಫೋಟೊ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೆಸರಾಗಲಿ ಶಿಕ್ಷಣ ಇಲಾಖೆ ಕೊಡುವ ಸ್ಯಾಟ್ಸ್ ಸಂಖ್ಯೆಯಾಗಲಿ ಚೀಟಿಯಲ್ಲಿ ಬರೆಯಬೇಡಿ. ಹೆಸರು ಮತ್ತು ಸಂಖ್ಯೆ ಎರಡೂ ಇರುವ ಪುಸ್ತಕ ಶಾಲೆಯಲ್ಲೇ ಬೀಗದೊಳಗಿರಲಿ.

ನೋವು ಫೋಟೊದಲ್ಲಿ ಕಾಣುವುದಿಲ್ಲ. ಅದಕ್ಕೇ ಕೇಳಬೇಕು: ರಾತ್ರಿ ಹಲ್ಲು ನೋವಿಗೆ ಎಚ್ಚರ ಆಗುತ್ತಾ? ತಣ್ಣಗಿನದ್ದು, ಬಿಸಿಯದ್ದು ತಿಂದರೆ ಜುಮ್ ಅನ್ನುತ್ತಾ? ಯಾವ ಕಡೆ ಅಗಿಯುತ್ತೀಯ? ಕೆನ್ನೆ ಯಾವಾಗಲಾದರೂ ಊದಿತ್ತಾ? ‘ಹಲ್ಲು ನೋವಿದೆಯಾ’ ಅಂತ ಮಾತ್ರ ಕೇಳಿದರೆ ಮಕ್ಕಳು ಇಲ್ಲ ಅಂದುಬಿಡುತ್ತಾರೆ, ಹಲ್ಲು ಕೀಳುತ್ತಾರೆ ಅನ್ನುವ ಭಯ. ಯಾವ ಕಡೆ ಅಗಿಯುತ್ತೀಯ ಅಂದರೆ ಮಾತ್ರ ಥಟ್ಟನೆ ಬೆರಳು ತೋರಿಸುತ್ತಾರೆ.

ಹಂತ 6: ಐದು ಫೋಟೊ

ಇಲ್ಲಿ ಸಮಯ ತಗೊಳ್ಳಿ.

ಫೋನನ್ನು ಅಡ್ಡ ಹಿಡಿಯಿರಿ. ಬಾಯಿಯಿಂದ ಒಂದು ಗೇಣು ದೂರ ಇಟ್ಟು ಎರಡು ಪಟ್ಟು ಝೂಮ್ ಮಾಡಿ. ತೀರಾ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ, ಫೋನಿನ ನೆರಳೂ ಬಾಯಿಯ ಮೇಲೆ ಬೀಳುತ್ತದೆ. ಪರದೆಯಲ್ಲಿ ಹಲ್ಲಿನ ಮೇಲೆ ಒಮ್ಮೆ ಬೆರಳಿಟ್ಟು ಫೋಕಸ್ ಆಗುವವರೆಗೆ ಕಾಯಿರಿ. ತುಟಿಯ ಮೇಲೆ ಫೋಕಸ್ ಆಗಿ ಹಲ್ಲು ಮಸುಕಾದ ಫೋಟೊಗಳು ನನಗೆ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಬ್ಯೂಟಿ ಮೋಡ್, ಫಿಲ್ಟರ್ ಎಲ್ಲ ಬಂದ್ ಮಾಡಿ, ಅವು ಹಲ್ಲಿನ ಕಲೆಯನ್ನೇ ಅಳಿಸಿಹಾಕುತ್ತವೆ.

ಮೊದಲನೆಯದು ಎದುರಿನಿಂದ, ಹಲ್ಲು ಕಚ್ಚಿ. ಮೇಲಿನ ಒಸಡಿನಿಂದ ಕೆಳಗಿನ ಒಸಡಿನವರೆಗೆ ಪೂರ್ತಿ ಬರಬೇಕು, ಕೀವು ಗುಳ್ಳೆ ಇರುವುದು ಒಸಡಿನ ಮೇಲೆ. ಎರಡನೆಯದು ಬಲಗಡೆ, ಮೂರನೆಯದು ಎಡಗಡೆ, ಇವೂ ಹಲ್ಲು ಕಚ್ಚಿಯೇ. ಆ ಬದಿಯ ಕೆನ್ನೆಯನ್ನು ಚೆನ್ನಾಗಿ ಹಿಂದಕ್ಕೆ ಎಳೆದಿರಬೇಕು.

ನಾಲ್ಕನೆಯದು ಮೇಲಿನ ದವಡೆಯ ಅಗಿಯುವ ಭಾಗ. ಮಗು ತಲೆ ಹಿಂದಕ್ಕೆ ಹಾಕಿ ಸೂರು ನೋಡಬೇಕು, ಬಾಯಿ ದೊಡ್ಡದಾಗಿ ತೆರೆದಿರಬೇಕು, ನೀವು ಸ್ವಲ್ಪ ಬಗ್ಗಿ ಕೆಳಗಿನಿಂದ ಮೇಲಕ್ಕೆ ತೆಗೆಯಬೇಕು. ಐದನೆಯದು ಕೆಳಗಿನ ದವಡೆ. ಗದ್ದ ಕೆಳಗೆ, ನಾಲಿಗೆ ಹಿಂದಕ್ಕೆ, ಫೋನ್ ಮೇಲಿನಿಂದ. ಕನ್ನಡಿ ಹಿಡಿಯುವುದಾದರೆ ಮೊದಲು ಬಿಸಿ ನೀರಲ್ಲಿ ಅದ್ದಿ ಒರೆಸಿ, ಇಲ್ಲವಾದರೆ ಉಸಿರಿನ ಮಂಜು ಕೂರುತ್ತದೆ. ಕನ್ನಡಿಯಲ್ಲಿ ತೆಗೆದದ್ದು ಅಂತ ಪುಸ್ತಕದಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ನೋಡುವವರಿಗೆ ಬಲ ಎಡ ಅದಲುಬದಲಾಗುತ್ತದೆ. ವಾಕರಿಕೆ ಬರುವ ಮಗುವಿಗೆ ಮೂಗಿನಲ್ಲಿ ಉಸಿರಾಡು, ಕಾಲಿನ ಬೆರಳು ಆಡಿಸು ಅನ್ನಿ. ಗಮನ ಆ ಕಡೆ ಹೋಗುತ್ತದೆ.

ಈಗ ಮುಖ್ಯ ವಿಷಯ. ಸುಮಾರು ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಮೂಲೆಗೊಂದರಂತೆ ನಾಲ್ಕು ಶಾಶ್ವತ ದವಡೆ ಹಲ್ಲು ಹುಟ್ಟುತ್ತವೆ. ವೈದ್ಯರ ಲೆಕ್ಕದಲ್ಲಿ 16, 26, 36, 46. ಯಾವ ಹಲ್ಲೂ ಬೀಳದೆ ಬಂದದ್ದರಿಂದ ಮನೆಯವರು ಇದನ್ನೂ ಹಾಲುಹಲ್ಲು ಅಂತಲೇ ತಿಳಿದಿರುತ್ತಾರೆ. ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುತ್ತವೆ, ಬ್ರಷ್ ಅಲ್ಲಿಯವರೆಗೆ ಹೋಗುವುದಿಲ್ಲ, ಬೇಗ ಹುಳುಕಾಗುತ್ತದೆ. ಒಮ್ಮೆ ಕಿತ್ತರೆ ಅಲ್ಲಿ ಮತ್ತೆ ಹಲ್ಲು ಬರುವುದಿಲ್ಲ. 1ರಿಂದ 3ನೇ ತರಗತಿಯಿಂದ ಶುರು ಮಾಡಿ ಅಂದದ್ದು ಇದಕ್ಕೇ. ಈ ಹಲ್ಲು ಹೊಸದಾಗಿದ್ದಾಗಲೇ ಸಿಕ್ಕರೆ ಗೆರೆಗಳಿಗೆ ಸೀಲೆಂಟ್ ಅನ್ನುವ ರಕ್ಷಣಾ ಲೇಪ ತುಂಬಿ ಉಳಿಸಿಕೊಳ್ಳಬಹುದು.

ಹಾಗಾಗಿ ನಾಲ್ಕನೇ ಮತ್ತು ಐದನೇ ಫೋಟೊ ತೆಗೆದ ತಕ್ಷಣ ಹಿಗ್ಗಿಸಿ ನೋಡಿ: ನಾಲ್ಕೂ ಮೂಲೆಯ ಕಟ್ಟಕಡೆಯ ಹಲ್ಲು ಬಂದಿದೆಯಾ? ಬಂದಿಲ್ಲ ಅಂದರೆ ಮಗು ಎದ್ದು ಹೋಗುವ ಮೊದಲೇ ಮತ್ತೆ ತೆಗೆಯಿರಿ.

ಇನ್ನೊಂದು ಮಾತು. ಎಂಜಲಿನ ಮೇಲೆ ದೀಪ ಹೊಳೆದರೆ ಬಿಳಿ ಚುಕ್ಕೆ ಬೀಳುತ್ತದೆ, ಅದು ಶುರುವಿನ ಹುಳುಕಿನ ಬಿಳಿ ಮಚ್ಚೆಯ ಹಾಗೇ ಕಾಣುತ್ತದೆ. ಫೋನನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು ತೆಗೆಯಿರಿ. ಹೊಳಪಾದರೆ ಜಾಗ ಬದಲಿಸುತ್ತದೆ, ಮಚ್ಚೆಯಾದರೆ ಅಲ್ಲೇ ಇರುತ್ತದೆ.

ಹಂತ 7: ಐದು ಮಕ್ಕಳಾದ ಮೇಲೆ ನಿಲ್ಲಿ

ಮೊದಲ ಐದು ಮಕ್ಕಳ ಫೋಟೊ ವೈದ್ಯರಿಗೆ ಕಳಿಸಿ, ಅವರು ಸರಿ ಅನ್ನುವವರೆಗೆ ಮುಂದಕ್ಕೆ ಹೋಗಬೇಡಿ. ಹತ್ತು ನಿಮಿಷ ಹೋಗಬಹುದು. ಆದರೆ ಬೆಳಕು ತಪ್ಪಾಗಿದ್ದರೆ ಆಗಲೇ ಗೊತ್ತಾಗುತ್ತದೆ, ಇಡೀ ದಿನದ ಕೆಲಸ ಹಾಳಾಗುವುದಿಲ್ಲ. ಇದಕ್ಕಾಗಿ ವೈದ್ಯರೂ ಆ ದಿನ ಬೆಳಿಗ್ಗೆ ಬಿಡುವು ಮಾಡಿಕೊಂಡಿರಬೇಕು.

ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ವೈದ್ಯರಿಗಷ್ಟೇ ತೆರೆಯುವ ಡ್ರೈವ್ ಫೋಲ್ಡರ್‌ಗೆ ಹಾಕಿ. ನೆಟ್‌ವರ್ಕ್ ಇಲ್ಲದ ಊರಾದರೆ ಐದು ಮಕ್ಕಳ ಪರೀಕ್ಷೆಯನ್ನು ಹಿಂದಿನ ದಿನವೇ ಮಾಡಿ, ಸಿಗ್ನಲ್ ಸಿಗುವ ಕಡೆ ಹೋಗಿ ಕಳಿಸಿ. ಗುಂಪುಗಳಿಗೆ ಹಾಕಲೇಬೇಡಿ, ಶಿಕ್ಷಕರ ಗುಂಪಾದರೂ ಸರಿ. ಫೋನಿನ ತಾನಾಗಿಯೇ ಬ್ಯಾಕಪ್ ಆಗುವ ಸೌಲಭ್ಯವನ್ನು ಮೊದಲೇ ಬಂದ್ ಮಾಡಿ, ತಲುಪಿದೆ ಅಂತ ಖಾತ್ರಿಯಾದ ಮೇಲೆ ಫೋನಿನಿಂದ ಅಳಿಸಿ, ಕಸದ ಬುಟ್ಟಿ ಫೋಲ್ಡರನ್ನೂ ಖಾಲಿ ಮಾಡಿ.

ಹಂತ 8: ಫೋಟೊ ನೋಡುವ ವೈದ್ಯರಿಗೆ

ಮೊಬೈಲಿನಲ್ಲಿ ನೋಡಬೇಡಿ, ದೊಡ್ಡ ಪರದೆಯಲ್ಲಿ ನೋಡಿ. ಪ್ರತಿ ಹಲ್ಲಿಗೂ ಮೂರು ಉತ್ತರ ಇರಲಿ: ಹುಳುಕಿದೆ, ಹುಳುಕು ಕಂಡಿಲ್ಲ, ಹಲ್ಲೇ ಕಾಣುತ್ತಿಲ್ಲ. ಕೊನೆಯ ಎರಡನ್ನೂ ಒಂದೇ ಮಾಡುವುದು ಅತಿ ದೊಡ್ಡ ತಪ್ಪು. ಕಾಣದ ಹಲ್ಲು ಪಟ್ಟಿಯಲ್ಲಿ ಒಳ್ಳೆಯ ಹಲ್ಲಾಗಿಬಿಡುತ್ತದೆ.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಮುಂಡರಗಿ ಕಡೆಯ ಶಾಲೆಯಾದರೆ ಫ್ಲೋರೈಡ್ ನೀರಿನ ಕಲೆಗಳು ಇರುತ್ತವೆ ಅಂತ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಫ್ಲೋರೋಸಿಸ್ ಕಲೆ ಸಾಮಾನ್ಯವಾಗಿ ಎರಡೂ ಬದಿಯ ಹಲ್ಲಿನಲ್ಲಿ ಒಂದೇ ಥರ, ಅಡ್ಡ ಗೆರೆಗಳಾಗಿ ಅಥವಾ ಕಂದು ಮಚ್ಚೆಗಳಾಗಿ, ಜಾಸ್ತಿ ಶಾಶ್ವತ ಹಲ್ಲುಗಳ ಮೇಲೆ ಇರುತ್ತದೆ. ಹುಳುಕು ಒಸಡಿನ ಅಂಚಿನಲ್ಲಿ, ಅಗಿಯುವ ಗೆರೆಯಲ್ಲಿ, ಸಂದಿಯಲ್ಲಿ ಶುರುವಾಗುತ್ತದೆ, ಎರಡೂ ಬದಿ ಒಂದೇ ಥರ ಇರಬೇಕೆಂದಿಲ್ಲ. ಕಬ್ಬಿಣಾಂಶದ ಸಿರಪ್ ಕುಡಿದ ಮಕ್ಕಳ ಹಲ್ಲೂ ಕಪ್ಪಾಗಿರುತ್ತದೆ, ಇದ್ದಿಲು ಪುಡಿಯಲ್ಲಿ ತಿಕ್ಕುವವರ ಹಲ್ಲಿನ ಗೆರೆಗಳೂ ಹಾಗೇ. ಬರೀ ಬಣ್ಣ ನೋಡಿ ಬರೆಯಬೇಡಿ, ಹಲ್ಲಿನ ಆಕಾರ ಕೆಟ್ಟಿದೆಯಾ ನೋಡಿ.

ಹತ್ತು ಮಕ್ಕಳಲ್ಲಿ ಒಬ್ಬರನ್ನಾದರೂ ನೇರವಾಗಿ ಬಾಯಿ ತೆರೆಸಿ ನೋಡಿ, ಫೋಟೊ ನೋಡಿ ಬರೆದದ್ದಕ್ಕೆ ಹೋಲಿಸಿ. ನೂರು ಮಕ್ಕಳ ಶಾಲೆಯಲ್ಲಿ ಒಂದೂ ಹುಳುಕು ಸಿಗಲಿಲ್ಲ ಅಂದರೆ ಖುಷಿಪಡುವ ಮೊದಲು ಫೋಟೊಗಳನ್ನು ಅನುಮಾನಿಸಿ.

ಹಂತ 9: ಕೆಂಪು, ಹಳದಿ, ಹಸಿರು

ಕೆಂಪು ಅಂದರೆ ರಾತ್ರಿ ನೋವು, ಕೀವು ಗುಳ್ಳೆ, ಊತ. ಇವರ ಹೆಸರು ಪಟ್ಟಿ ಮುಗಿಯುವವರೆಗೆ ಕಾಯಬಾರದು, ಅವತ್ತೇ ಮನೆಗೆ ಫೋನ್ ಹೋಗಬೇಕು, ಒಂದೆರಡು ದಿನದಲ್ಲಿ ದಂತವೈದ್ಯರು ನೋಡಬೇಕು. ಹಳದಿ ಅಂದರೆ ತೂತು ಇದೆ, ನೋವಿಲ್ಲ, ಕೆಲವು ವಾರದೊಳಗೆ ಚಿಕಿತ್ಸೆ. ಹಲ್ಲು ಕಾಣದ, ಮತ್ತೆ ತೆಗೆಯಲೂ ಆಗದ ಮಗುವನ್ನೂ ಹಳದಿಗೇ ಸೇರಿಸಿ. ಹಸಿರು ಅಂದರೆ ತೊಂದರೆ ಕಾಣಲಿಲ್ಲ, ಆರು ತಿಂಗಳಿಗೆ ಮತ್ತೆ ಫೋಟೊ.

ಇವಕ್ಕೂ ಮೇಲೆ ಒಂದಿದೆ. ಕೆನ್ನೆಯ ಊತ ಕಣ್ಣಿನವರೆಗೆ ಅಥವಾ ಗದ್ದದ ಕೆಳಗೆ ಕುತ್ತಿಗೆಗೆ ಇಳಿದಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ, ಊತದ ಜೊತೆ ಜ್ವರ ಇದ್ದರೆ ಫೋಟೊ ಗೀಟೊ ಏನೂ ಬೇಡ. ತಕ್ಷಣ ಆಸ್ಪತ್ರೆಗೆ, ಬೇಕಾದರೆ 108ಕ್ಕೆ ಕರೆ ಮಾಡಿ. ಊತಕ್ಕೆ ಬಿಸಿ ಶಾಖ ಕೊಡುವುದು, ಹಲ್ಲಿನ ತೂತಿಗೆ ಮಾತ್ರೆ ಇಡುವುದು, ಹೊಗೆಸೊಪ್ಪು ಒತ್ತುವುದು, ಯಾವುದೂ ಬೇಡ.

ಹಂತ 10: ಮನೆಗೆ ಹೋಗುವ ಚೀಟಿ

‘ದಂತವೈದ್ಯರನ್ನು ಕಾಣಿ’ ಅಂತ ಬರೆದ ಚೀಟಿಯಿಂದ ಏನೂ ಆಗುವುದಿಲ್ಲ. ಯಾವ ಆಸ್ಪತ್ರೆ, ಯಾವ ಕೊಠಡಿ, ಯಾವ ದಿನ, ಎಷ್ಟು ಗಂಟೆಗೆ, ದುಡ್ಡು ಬೇಕಾ ಬೇಡವಾ, ಅಷ್ಟನ್ನೂ ಬರೆಯಿರಿ. ತಾಲ್ಲೂಕು ಕೇಂದ್ರದ ಸಂತೆ ದಿನ ಆಸ್ಪತ್ರೆಯ ದಿನಕ್ಕೆ ಹೊಂದುವುದಾದರೆ ಅದನ್ನೇ ಆರಿಸಿ. ಕೂಲಿ ಬಿಟ್ಟು ಇನ್ನೊಂದು ದಿನ ಪೇಟೆಗೆ ಬರುವುದು ಬಡವರಿಗೆ ಸಣ್ಣ ವಿಷಯ ಅಲ್ಲ. ಕೆಂಪು ಮಕ್ಕಳ ಮನೆಗೆ ಚೀಟಿಯ ಜೊತೆ ಒಬ್ಬರು ಹೋಗಿ ಬರಲಿ.

‘ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ’ ಅನ್ನುವ ಮಾತು ಎಲ್ಲ ಕಡೆ ಬರುತ್ತದೆ. ಹಿಂದಿನ ಹಾಲುಹಲ್ಲು ಬೀಳುವುದು 10ರಿಂದ 12 ವರ್ಷಕ್ಕೆ. ಏಳು ವರ್ಷದ ಮಗು ಇನ್ನೂ ಮೂರರಿಂದ ಐದು ವರ್ಷ ಅದೇ ಹಲ್ಲಿನಲ್ಲಿ ಊಟ ಮಾಡಬೇಕು, ಅಲ್ವಾ? ಹೀಗೆ ಲೆಕ್ಕ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಆಸ್ಪತ್ರೆಯಲ್ಲಿ ಸಿಲ್ವರ್ ಡೈಅಮೀನ್ ಫ್ಲೋರೈಡ್ ಅನ್ನುವ ಔಷಧ ಹಚ್ಚುವ ಯೋಚನೆ ಇದ್ದರೆ, ಹುಳುಕು ನಿಲ್ಲುತ್ತದೆ ಆದರೆ ಆ ಜಾಗ ಕಪ್ಪಾಗುತ್ತದೆ ಅಂತ ಪೋಷಕರಿಗೆ ಮೊದಲೇ ತಿಳಿಸಿ. ಆಮೇಲೆ ಹೇಳಿದರೆ ವೈದ್ಯರು ಹಲ್ಲು ಕೆಡಿಸಿದರು ಅನ್ನುತ್ತಾರೆ, ಊರಿನ ಉಳಿದ ಮಕ್ಕಳೂ ಬರುವುದು ನಿಲ್ಲುತ್ತದೆ.

ಹಂತ 11: ಹೋದರಾ ಅಂತ ನೋಡುವುದು

ಪುಸ್ತಕದಲ್ಲಿ ಕೊನೆಗೆ ಒಂದು ಕಾಲಂ ಇರಲಿ: ಚಿಕಿತ್ಸೆ ಆದ ದಿನಾಂಕ. ಕೆಂಪು ಮಕ್ಕಳದ್ದು ಒಂದು ವಾರದಲ್ಲಿ, ಹಳದಿ ಮಕ್ಕಳದ್ದು ಒಂದು ತಿಂಗಳಲ್ಲಿ ತುಂಬಿರಬೇಕು. ತುಂಬದ ಸಾಲಿನ ಮಗುವನ್ನು ಕರೆದು ಏನಾಯಿತು ಅಂತ ಕೇಳಿ, ಕಾರಣವನ್ನು ಆ ಸಾಲಿನಲ್ಲೇ ಬರೆಯಿರಿ. ಬಸ್ ಇಲ್ಲ, ಅಪ್ಪನಿಗೆ ರಜೆ ಇಲ್ಲ, ವೈದ್ಯರು ಅವತ್ತು ಇರಲಿಲ್ಲ. ಒಂದೇ ಕಾರಣ ಐದಾರು ಸಾಲಿನಲ್ಲಿ ಬಂದರೆ ಅದನ್ನು ಎಸ್‌ಡಿಎಂಸಿ ಸಭೆಗೆ ತಗೊಂಡು ಹೋಗಿ, ಎಲ್ಲ ಮಕ್ಕಳಿಗೂ ಸೇರಿ ಒಂದು ಗಾಡಿ ಮಾಡಿಸುವುದು ಎಷ್ಟೋ ಸಲ ಅಲ್ಲೇ ಇತ್ಯರ್ಥ ಆಗುತ್ತದೆ.

ಆರು ತಿಂಗಳಿಗೆ ಅದೇ ಐದು ಫೋಟೊ, ಅದೇ ಸಂಖ್ಯೆ. ಒಪ್ಪಿಗೆ ಪತ್ರದಲ್ಲಿ ಬರೆದ ಅಳಿಸುವ ದಿನ ಇದಕ್ಕಿಂತ ಮೊದಲು ಬಾರದ ಹಾಗೆ ನೋಡಿಕೊಳ್ಳಿ, ಹಳೆಯದು ಹೊಸದು ಪಕ್ಕದಲ್ಲಿಟ್ಟು ನೋಡಬೇಕಲ್ಲ. ನಡುವೆ ಟಿಸಿ ತಗೊಂಡು ಬೇರೆ ಶಾಲೆಗೆ ಹೋಗುವ ಮಗುವಿನ ಕೈಗೆ, ಅಂಕಪಟ್ಟಿಯ ಜೊತೆ, ಯಾವ ಹಲ್ಲಿಗೆ ಏನು ಬಾಕಿ ಇದೆ ಅಂತ ಬರೆದ ಚೀಟಿಯನ್ನೂ ಕೊಟ್ಟು ಕಳಿಸಿ.